ಎಡಗೈಯ ಮುದ್ದೆ

ಅಕ್ಪೆನೆ ಒರಳಿಗೆ ಹಾಕುತ್ತಿದ್ದುದು ಎಡಗೈ. ಅದಕ್ಕೇ ಒರಳಿನ ಮುಂದೆ ಪರದೆ ಇತ್ತು.

ತಾಳೆಗರಿಯ ಪರದೆ. ಹೊಹೊಯೆ ಊರಿನ ಲಾರಿ ನಿಲ್ದಾಣದ ಪಕ್ಕ, ಅಬ್ಲಕ್ಕನ ಹೋಟೆಲಿನ ಬೆಂಚಿನ ಮೇಲೆ ಕೂತವರಿಗೆ ಒನಕೆಯ ಸದ್ದು ಕೇಳಿಸುತ್ತಿತ್ತು. ಅದರ ತುದಿ ಪರದೆಯ ಮೇಲೆ ಎದ್ದು ಮರೆಯಾಗುವುದೂ ಕಾಣುತ್ತಿತ್ತು. ಒರಳಿನೊಳಗಿನ ಕೈ ಮಾತ್ರ ಕಾಣುತ್ತಿರಲಿಲ್ಲ. ಬೆಂದ ಮರಗೆಣಸು, ಬಾಳೆಕಾಯಿ ಎರಡೂ ಸೇರಿ ಗಂಟಿಲ್ಲದ ಮುದ್ದೆ, ಅಂದರೆ ಫುಫು, ಆಗಬೇಕಾದರೆ ಇಬ್ಬರು ಬೇಕು. ಒಬ್ಬ ನಿಂತು ಕುಟ್ಟುತ್ತಾನೆ. ಇನ್ನೊಬ್ಬಳು ಕೂತು, ಒನಕೆ ಮೇಲೆದ್ದ ಚೂರು ಹೊತ್ತಿನಲ್ಲಿ ಕೈ ಹಾಕಿ ಮುದ್ದೆಯನ್ನು ಮಗುಚಿ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಅಬ್ಲಕ್ಕನ ಹೋಟೆಲಿನಲ್ಲಿ ಕುಟ್ಟುವವನು ಬಡಗಣ ಸೀಮೆಯ ಅಟಿಂಗಾ. ಮಗುಚುವವಳು ಅಕ್ಪೆನೆ. ಅವರಿಬ್ಬರು ಮಾಡಿದ ಮುದ್ದೆ ಗಂಟಲಿನಲ್ಲಿ ಇಳಿಯುವುದೇ ಗೊತ್ತಾಗುವುದಿಲ್ಲ ಎಂದು ಲಾರಿಯವರು ಹೇಳುತ್ತಿದ್ದರು. ಅದು ಯಾವ ಕೈಯ ಮುದ್ದೆ ಎಂದು ಯಾರೂ ಕೇಳಿರಲಿಲ್ಲ.

ಆ ಸೀಮೆಯಲ್ಲಿ ಎಡಗೈಯಿಂದ ಕೊಟ್ಟದ್ದನ್ನು ಮುಟ್ಟುವವರಿಲ್ಲ. ಬೇರೆ ದಾರಿ ಇಲ್ಲದೆ ಕೊಡಬೇಕಾಗಿ ಬಂದರೆ, ಕೊಡುವವರು ಮೊದಲು ‘ಎಡಗೈ’ ಎನ್ನಬೇಕು. ಅದೇ ಕ್ಷಮೆ ಕೇಳುವ ಮಾತು. ತೆಗೆದುಕೊಳ್ಳುವವರು ‘ಕೈಯೇ ತಾನೆ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅಕ್ಪೆನೆ ಹುಟ್ಟಾ ಎಡಚಿ. ಅಮ್ಮ ಎಂಬ ಶಬ್ದಕ್ಕಿಂತ ಹೆಚ್ಚು ಸಲ ಅವಳ ಬಾಯಿಂದ ಬಂದಿದ್ದು ‘ಎಡಗೈ’ ಎಂಬ ಶಬ್ದ. ಅವಳ ತಾಯಿ ಚಿಕ್ಕಂದಿನಲ್ಲಿ ಎಡಗೈಗೆ ಮೆಣಸಿನಕಾಯಿ ಅರೆದು ಹಚ್ಚಿ ನೋಡಿದ್ದಳು. ಕೈ ಬದಲಾಗಲಿಲ್ಲ. ಖಾರ ತಿನ್ನುವುದು ಅಭ್ಯಾಸವಾಯಿತು.

ಅಬ್ಲಕ್ಕನ ಮೊಣಕಾಲು ಹೋಗಿತ್ತು. ಹೋಟೆಲಿನ ಮುಂದುಗಡೆ ಗಿಡ್ಡ ಮಣೆಯ ಮೇಲೆ ಕೂತು, ಸಾರಿನ ಕೊಳಗಕ್ಕೆ ಸೌಟು ಹಾಕಿ ಬಡಿಸಿ ಕೊಡುವುದು ಅವಳ ಕೆಲಸ. ಅದು ಒಡತಿಯ ಜಾಗ.

“ಈ ಮಣೆಯಿಂದ ಏಳೋಕೆ ಇಬ್ರು ಬೇಕು, ಕೂರೋಕೆ ದೇವರೇ ಬರ್ಬೇಕು,” ಎನ್ನುತ್ತಿದ್ದಳು. ಒಂದು ದಿನ ಅಕ್ಪೆನೆಯನ್ನು ಕರೆದು, “ನೋಡೇ, ಇನ್ನು ನನ್ ಕೈಲಾಗಲ್ಲ. ಮಣೆ ನಿಂಗೆ ಬಿಡ್ತೀನಿ. ಆದ್ರೆ ಕಾಗದ ಬೇಕಂತೆ,” ಎಂದಳು.

ಊರಿನ ಕಚೇರಿಯವರು ಹೊಸ ಕಟ್ಟಳೆ ತಂದಿದ್ದರು. ಹೊಸದಾಗಿ ಮಣೆಯ ಮೇಲೆ ಕೂತು ಬಡಿಸುವವರ ಬಳಿ ಅಡುಗೆ ಕಸುಬಿನ ಸರ್ಟಿಫಿಕೇಟ್ ಇರಬೇಕು, ಇಲ್ಲದಿದ್ದರೆ ಹೋಟೆಲಿಗೆ ಲೈಸೆನ್ಸ್ ಇಲ್ಲ. ಅದಕ್ಕಾಗಿ ಕೆಲಸ ಬಿಟ್ಟು ಶಾಲೆಗೆ ಹೋಗಬೇಕಿರಲಿಲ್ಲ. ಪರೀಕ್ಷೆ ಮಾಡುವವರೇ ಕೆಲಸದ ಜಾಗಕ್ಕೆ ಬಂದು, ಕಲಿಸುವಷ್ಟು ಕಲಿಸಿ, ಮಾಡುವುದನ್ನು ನಿಂತು ನೋಡಿ, ಒಂದೊಂದು ಕೆಲಸಕ್ಕೂ ಆಯಿತು ಅಥವಾ ಇನ್ನೂ ಆಗಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು. ಎಲ್ಲ ಕೆಲಸಕ್ಕೂ ‘ಆಯಿತು’ ಬಂದರೆ ಸರ್ಟಿಫಿಕೇಟ್.

ಬಂದವಳು ಕ್ಲುಟ್ಸೆ ಮೇಡಂ. ಎತ್ತರದ ಹೆಂಗಸು, ಒಣಗಿದ ಮುಖ. ಸಂತೆಯ ದಿನಗಳಲ್ಲಿ ಬರುತ್ತಿದ್ದಳು. ಮೊದಲ ದಿನವೇ ಎಲ್ಲರ ತಲೆಗೂ ಬಲೆ ಟೋಪಿ ಹಾಕಿಸಿದಳು.

“ಅಲ್ರೀ ಮೇಡಂ, ಬಲೀಲೆ ಮೀನ ಹಿಡಿಯೂದು ಬಿಟ್ಟು ನನ್ನ ತಲೀ ಹಿಡಿದೀರಿ,” ಎಂದ ಅಟಿಂಗಾ. ಅವನ ತಲೆ ನುಣ್ಣಗೆ ಬೋಳು.

“ಬೆವರು ಬೀಳತ್ತಲ್ಲ, ಅದಕ್ಕೆ,” ಎಂದಳು ಮೇಡಂ.

“ಬೆವರಿಲ್ದ ಫುಫು ನಿಮ್ಮ ಅಕ್ರಾ ಪಟ್ಟಣದಾಗ ಸಿಗತೈತಿ. ರುಚಿ ಇರೂದಿಲ್ಲ.”

ಮೇಡಂ ನಗಲಿಲ್ಲ. ಟೋಪಿಯನ್ನು ತೆಗೆಯಲೂ ಬಿಡಲಿಲ್ಲ.

ಅಕ್ಪೆನೆ ಕೈ ತೊಳೆಯುವುದರಿಂದ ಹಿಡಿದು ಮಾಂಸ ಕಾಪಾಡುವುದರವರೆಗೆ, ಕಡಲೆಕಾಯಿ ಸಾರಿನಿಂದ ಹಿಡಿದು ತಾಳೆಹಣ್ಣಿನ ಸಾರಿನವರೆಗೆ ಒಂದೊಂದಾಗಿ ದಾಟಿದಳು. ಎಲ್ಲವೂ ಸುಲಭವಾಗಿರಲಿಲ್ಲ. ಉಳಿದ ಸಾರನ್ನು ರಾತ್ರಿಯಿಡೀ ಒಲೆಯ ಮೇಲೇ ಬಿಡಬಾರದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ‘ಇನ್ನೂ ಆಗಿಲ್ಲ’ ಬಂತು. ಮತ್ತೆ ಕಲಿತಳು, ಮತ್ತೆ ಮಾಡಿ ತೋರಿಸಿದಳು. ಕಲಿಯುವುದು ಅವಳಿಗೆ ಹಿಡಿಸಿತು. ಕಲಿಯುವ ಹೊತ್ತಿನಲ್ಲಿ ಬೇರೇನೂ ನೆನಪಾಗುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಎರಡು. ಮುದ್ದೆ ಮಾಡುವುದು, ಬಡಿಸುವುದು.

“ಎರಡೂ ಒಂದೇ ದಿನ ನೋಡ್ತೀನಿ,” ಎಂದಳು ಮೇಡಂ ಹೊರಡುವಾಗ. “ಆ ಪರದೆ ತೆಗೆದಿಟ್ಟಿರಿ. ಊಟ ಎಲ್ಲಿ ತಯಾರಾಗತ್ತೋ ಅದು ಉಣ್ಣೋರಿಗೆ ಕಾಣ್ಬೇಕು.”

ವ್ಯಾನು ಹೋದ ಮೇಲೆ ಅಬ್ಲಕ್ಕ ಸೌಟನ್ನು ಕೊಳಗದಲ್ಲೇ ಬಿಟ್ಟಳು. “ಸತ್ವಿ. ಆರು ವರ್ಷದಿಂದ ಮುಚ್ಚಿಟ್ಕೊಂಡು ಬಂದಿದೀನಿ. ಒಂದು ದಿನ, ಒಂದೇ ಒಂದು ದಿನ ಬಲಗೈಲಿ ಮಾಡಿಬಿಡೇ ತಾಯಿ.”

“ಬರಲ್ಲ ಅಕ್ಕ.”

“ಬಲಗೈ ಏನು ಮಾರಿಬಿಟ್ಟಿದೀಯಾ? ಅಭ್ಯಾಸ ಮಾಡು.”

ಮಾಡಿದಳು. ಮಾರನೆಯ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಒರಳಿನ ಬಲಕ್ಕೆ ಕೂತು ಬಲಗೈ ಚಾಚಿದಳು. ಅಟಿಂಗಾ ಒನಕೆ ಎತ್ತಿ ಇಳಿಸಿದ. ಅವಳು ಮಗುಚಿದಳು. ಮತ್ತೆ ಇಳಿಸಿದ. ಎರಡನೆಯ ಸಲ ಅವಳ ಕೈ ಒಳಗಿರುವಾಗಲೇ ಒನಕೆ ಅರ್ಧ ದಾರಿಗೆ ಬಂದಿತ್ತು. ಅಟಿಂಗಾ ಅದನ್ನು ಗಾಳಿಯಲ್ಲೇ ತಡೆದು ಹಿಡಿದ. ತೋಳಿನ ನರ ಉಬ್ಬಿ ನಿಂತವು. ಒನಕೆಯನ್ನು ಗೋಡೆಗೆ ಒರಗಿಸಿದ.

“ನಾ ಕುಟ್ಟಂಗಿಲ್ಲ.”

“ಏನಾಯ್ತೋ ನಿಂಗೆ?” ಎಂದಳು ಅಬ್ಲಕ್ಕ ಮುಂದಿನಿಂದ.

“ನಾ ಕುಟ್ಟುವಾಗ ಆಕಿ ಕೈ ನೋಡೂದಿಲ್ಲಕ್ಕಾ. ಕೇಳತೀನಿ. ಕೈ ಮುದ್ದೀಗೆ ಬಡದ ಸಪ್ಪಳ ಎಡಗಡಿಂದ ಬಂದ್ರ ನಂಗ ತಿಳೀತೈತಿ, ಈಗ ಹೊಡೀಬಹುದು ಅಂತ. ಇದು ಯಾರದೋ ಕೈ. ಈ ಕೈ ಜೋಡಿ ನಂಗ ಗುರ್ತಿಲ್ಲ. ಒಂದ ಕಾಗದಕ್ಕ ಬೆರಳ ಮುರ್ಯೂ ಕೆಲಸ ನಂಗ ಬ್ಯಾಡ.”

“ಬಡಗಣದವನಿಗೆ ಬಾಯಿ ಮಾತ್ರ ದೊಡ್ಡದು.”

“ಬಾಯಿ ದೊಡ್ಡದಿರೂದಕ್ಕ ನಿನ್ನ ಮುದ್ದಿ ಹಿಡಿಸತೈತಿ.”

ಅಬ್ಲಕ್ಕ ಬಯ್ದಳು, ಗೊಣಗಿದಳು, ಕೊನೆಗೆ ದಾರಿ ಹುಡುಕಿದಳು. “ಆಯ್ತು. ಮುದ್ದೆ ಎಡಗೈಲೇ ತಿರುವು. ಆದ್ರೆ ಬಟ್ಟಲು ಕೊಡೋವಾಗ ‘ಎಡಗೈ’ ಅನ್ನು. ಜೋರಾಗೇ ಅನ್ನು, ಆ ಮೇಡಂಗೂ ಕೇಳ್ಸೋ ಹಾಗೆ. ಅವ್ರು ‘ಕೈಯೇ ತಾನೆ’ ಅಂತಾರೆ, ತಿಂತಾರೆ, ಹೋಗ್ತಾರೆ. ಒಂದು ಮಾತು. ಖರ್ಚಿಲ್ಲ.”

ಅಕ್ಪೆನೆ ಒರಳು ತೊಳೆಯಲು ಎದ್ದಳು. ಅಬ್ಲಕ್ಕ ಅದನ್ನು ಒಪ್ಪಿಗೆ ಎಂದುಕೊಂಡಳು.

ಆ ಮಾತು ಅಕ್ಪೆನೆಯ ಬಾಯಿಂದ ಬಂದು ಎರಡು ಮಳೆಗಾಲ ಕಳೆದಿದ್ದವು.

ಅವಳ ಗಂಡ ಕೊಮ್ಲಾ ಮರದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಕೆಲಸಕ್ಕಿದ್ದ. ಮದುವೆಯಾದ ಹೊಸದರಲ್ಲಿ ಬಾಗಿಲು ಹಾಕಿಕೊಂಡು ಒಂದೇ ಬಟ್ಟಲಿನಲ್ಲಿ ಉಣ್ಣುವಾಗ, “ನೀನು ನನ್ನ ಎಡಕ್ಕೆ ಕೂತ್ಕೋ. ನಮ್ಮ ಮೊಣಕೈ ಯಾವತ್ತೂ ಗುದ್ದಾಡಲ್ಲ,” ಎಂದಿದ್ದ. ಒಂದು ದಿನ ದಿಮ್ಮಿ ಉರುಳಿತು. ಸಾವಿನ ಮನೆಯಲ್ಲಿ ಅವಳನ್ನು ಚಾಪೆಯ ಮೇಲೆ ಕೂರಿಸಿದ್ದರು. ಬಂದವರು ಸಾಲಾಗಿ ಅವಳ ಕೈ ಹಿಡಿದು ಮುಂದೆ ಹೋಗುತ್ತಿದ್ದರು. ಯಾವ ಕೈ ಕೊಡುತ್ತಿದ್ದೇನೆ ಎಂಬ ಎಚ್ಚರ ಅವಳಿಗೆ ಇರಲಿಲ್ಲ. ಗಂಡನ ಮನೆತನದ ಹಿರಿಯ ಎದುರಿಗೆ ಬಂದಾಗ ಎದ್ದದ್ದು ಎಡಗೈ. ಆತ ತನ್ನ ಕೈಯನ್ನು ಹೊದ್ದ ಬಟ್ಟೆಯೊಳಕ್ಕೆ ಎಳೆದುಕೊಂಡ. ಸಾಲು ನಿಂತಿತು.

“ಎಡಗೈ,” ಎಂದಳು ಅಕ್ಪೆನೆ.

ಆತ ‘ಕೈಯೇ ತಾನೆ’ ಎನ್ನಲಿಲ್ಲ. ಅವಳು ಕಾದಳು. ಎನ್ನಲಿಲ್ಲ. ಒಂದು ಬಾಟಲಿ ಸಾರಾಯಿ ದಂಡ ಹಾಕಿ ಮುಂದೆ ನಡೆದ. ಆ ದಿನದ್ದು ಅವಳಿಗೆ ಉಳಿದದ್ದು ಅಷ್ಟೇ. ಗಂಡನ ಮುಖಕ್ಕೆ ಯಾವ ಬಟ್ಟೆ ಹೊದಿಸಿದ್ದರೆಂದು ಕೇಳಿದರೆ ಹೇಳಲಾರಳು.

ಆಮೇಲೆ ಪರದೆಯ ಹಿಂದೆ ಆ ಮಾತಿನ ಅಗತ್ಯ ಬಿದ್ದಿರಲಿಲ್ಲ.

ಪರೀಕ್ಷೆಯ ದಿನ ಅಟಿಂಗಾ ಪರದೆಯನ್ನು ಎತ್ತಿ ಗೋಡೆಗೆ ಆನಿಸಿದ. ಬೆಂಚುಗಳು ತುಂಬಿದ್ದವು. ಕ್ಲುಟ್ಸೆ ಮೇಡಂ ಕಂಬದ ಪಕ್ಕ ನಿಂತಳು. ಎದುರಿನ ಬೆಂಚಿನಲ್ಲಿ ದೊಟ್ಸೆ ತಾತ ಕೂತಿದ್ದ. ಹಳೆಯ ಲಾರಿ ಡ್ರೈವರು, ಈಗ ಲಾರಿ ಇಲ್ಲ, ಆದರೂ ಲಾರಿ ಬರುವ ಹೊತ್ತಿಗೆ ನಿಲ್ದಾಣಕ್ಕೆ ಬಂದು ಅಬ್ಲಕ್ಕನ ಹೋಟೆಲಿನಲ್ಲಿ ಉಂಡು, ಯಾರ ಬ್ರೇಕು ಸರಿಯಿಲ್ಲ ಎಂದು ಹೇಳಿ ಮನೆಗೆ ಹೋಗುವವನು. ಅವನು ಉಂಡರೆ ಮಿಕ್ಕವರು ಉಣ್ಣುತ್ತಿದ್ದರು.

ಅಕ್ಪೆನೆ ಒರಳಿನ ಎಡಕ್ಕೆ ಕೂತಳು. ಕೈ ತೊಳೆದು, ನೀರು ಮುಟ್ಟಿಸಿ, ಎಡಗೈ ಹಾಕಿದಳು.

ಒನಕೆ ಬಿತ್ತು. ಕೈ ಬಿತ್ತು. ಒನಕೆ, ಕೈ. ಬೆಂಚುಗಳ ಮೇಲಿನ ಮಾತು ಒಂದೊಂದಾಗಿ ನಿಂತಿತು. ಅಟಿಂಗಾ ಎಂದಿನಂತೆ ಎಲ್ಲೋ ಮೇಲೆ, ತಗಡಿನ ಸೂರು ನೋಡುತ್ತ ಕುಟ್ಟಿದ. ಮುದ್ದೆ ಮೊದಲು ಒಡೆದು, ಆಮೇಲೆ ಕೂಡಿ, ಹೊಳಪಿಗೆ ಬಂದು, ಅವಳ ಅಂಗೈಗೆ ಅಂಟದೆ ತಿರುಗತೊಡಗಿತು. ಮೇಡಂ ಬಗ್ಗಿ ಒಂದು ಚೂರು ಮುರಿದು ಬೆರಳಲ್ಲಿ ಹಿಚುಕಿ ನೋಡಿದಳು. ಗಂಟಿರಲಿಲ್ಲ. ಬರೆದುಕೊಂಡಳು.

“ಇದು ಆಯಿತು,” ಎಂದಳು. “ಈಗ ಬಡಿಸು.”

ಅಬ್ಲಕ್ಕನನ್ನು ಇಬ್ಬರು ಹಿಡಿದು ಎಬ್ಬಿಸಿದರು. ಅಕ್ಪೆನೆ ಮಣೆಯ ಮೇಲೆ ಕೂತಳು. ಬಟ್ಟಲಿಗೆ ಮುದ್ದೆ ಇಟ್ಟು, ಬಿಸಿ ಸಾರು ಹೊಯ್ದು, ಮೇಲೆ ಮೇಕೆಯ ಮಾಂಸ ಇಟ್ಟು, ಎದ್ದು ದೊಟ್ಸೆ ತಾತನ ಮುಂದೆ ಹೋಗಿ ನೀಡಿದಳು. ಎಡಗೈಯಲ್ಲಿ.

ತಾತ ಬಟ್ಟಲನ್ನೂ ಅವಳ ಮುಖವನ್ನೂ ನೋಡಿದ. ಕಾದ. ಎಲ್ಲರೂ ಕಾದರು. ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಬಾಲ್ಯದಿಂದ ಅಲ್ಲೇ ಕೂತಿರುವ ಮಾತು, ತಳ್ಳುವುದೂ ಬೇಡ, ಬಾಯಿ ತೆರೆದರೆ ಸಾಕು.

ಅವಳು ಬಾಯಿ ತೆರೆಯಲಿಲ್ಲ.

“ಮಾತು ಎಲ್ಲಮ್ಮ?” ಎಂದ ತಾತ.

“ಯಾವ ಮಾತು ತಾತ?”

“ಗೊತ್ತಿಲ್ವಾ ನಿಂಗೆ?”

“ಗೊತ್ತು.”

“ಗೊತ್ತಿದ್ರೆ ಹೇಳು. ನಿನ್ನ ಕೈ ಹೀಗೇ ಹುಟ್ಟಿದ್ರೆ ನಾನೇನೂ ಅನ್ನಲ್ಲ. ಒಂದು ಮಾತು ಹೇಳು, ನಾನೊಂದು ಮಾತು ಹೇಳ್ತೀನಿ, ಸಾರು ಆರೋದ್ರೊಳಗೆ ಉಣ್ತೀನಿ.”

ಹಿಂದಿನಿಂದ ಅಬ್ಲಕ್ಕ ಪಿಸುಗುಟ್ಟುವಂತೆ ಕೂಗಿದಳು, “ಅನ್ನೇ. ಅಂದ್ಬಿಡೇ.”

“ಆರು ವರ್ಷದಿಂದ ಇದೇ ಕೈಯ ಮುದ್ದೆ ಉಂಡಿದೀರಿ ತಾತ,” ಎಂದಳು ಅಕ್ಪೆನೆ. ದನಿ ಏರಲಿಲ್ಲ. “ಒಂದು ದಿನವೂ ನಿಮ್ಮ ಹೊಟ್ಟೆ ನನ್ನ ಹತ್ರ ಕ್ಷಮೆ ಕೇಳಿಸ್ಲಿಲ್ಲ. ಇವತ್ತು ಕಣ್ಣಿಗೆ ಕಂಡಿದೆ ಅಂತ ಯಾಕೆ ಕೇಳ್ಬೇಕು? ಬೇಕಿದ್ರೆ ತಗೊಳ್ಳಿ. ಬೇಡ ಅಂದ್ರೆ ಬೇಡ ಅನ್ನಿ.”

“ಆರು ವರ್ಷ,” ಎಂದ ತಾತ ಅಬ್ಲಕ್ಕನ ಕಡೆ ತಿರುಗಿ. ಅಬ್ಲಕ್ಕ ಕೊಳಗದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡುತ್ತಿದ್ದಳು.

ತಾತ ಎದ್ದ. ಟೋಪಿ ಸರಿಮಾಡಿಕೊಂಡ. “ಬೇಡ,” ಎಂದು ರಸ್ತೆ ದಾಟಿ ಹೋದ.

ಮಿಕ್ಕವರಲ್ಲಿ ಕೆಲವರು ಆಗಲೇ ಹೊರಟರು. ಅಕ್ಪೆನೆ ಒಂದೊಂದೇ ಬಟ್ಟಲು ತುಂಬಿ ಒಬ್ಬೊಬ್ಬರ ಮುಂದೆಯೂ ಹಿಡಿದಳು. ಎಡಗೈಯಲ್ಲಿ, ಮಾತಿಲ್ಲದೆ. ದೂರದೂರಿನ ಒಬ್ಬ ಕ್ಲೀನರು ತೆಗೆದುಕೊಂಡ, ಹಸಿವು ಜಾಸ್ತಿ ಇತ್ತು. ಇನ್ನೊಬ್ಬಳು ಕಣ್ಣು ಬೇರೆ ಕಡೆ ಮಾಡಿ ತೆಗೆದುಕೊಂಡಳು. ಉಳಿದ ಬಟ್ಟಲುಗಳು ಹಿಂದಕ್ಕೆ ಬಂದವು. ಕೊನೆಗೆ ಒಂದನ್ನು ತಂದು ಕ್ಲುಟ್ಸೆ ಮೇಡಂ ಮುಂದೆ ಹಿಡಿದಳು.

ಮೇಡಂ ಸ್ವಲ್ಪ ಹೊತ್ತು ಆ ಕೈ ನೋಡಿದಳು. ಬಟ್ಟಲು ತೆಗೆದುಕೊಂಡು ನಿಂತುಕೊಂಡೇ ಉಂಡಳು. ಕೈ ತೊಳೆದಳು.

“ಮುದ್ದೆ ಆಯಿತು ಅಂತ ಬರೆದಿದೀನಿ. ಬಡಿಸೋದು ಇನ್ನೂ ಆಗಿಲ್ಲ.”

“ಎಡಗೈ ಅಂತಲಾ ಮೇಡಂ?”

“ಎಡಗೈ ಅಂತ ನಾನು ಬರೆಯಲ್ಲ. ಬಟ್ಟಲು ವಾಪಸ್ ಬಂತು ಅಂತ ಬರೀತೀನಿ. ಬಡಿಸಿದ್ದನ್ನ ಜನ ತಗೋಬೇಕು. ಅದೇ ಬಡಿಸೋದು. ಆ ಮಾತು ಅಂದಿದ್ರೆ ಒಂದೂ ವಾಪಸ್ ಬರ್ತಿರ್ಲಿಲ್ಲ.”

“ಗೊತ್ತು.”

“ಮಳೆ ನಿಂತ ಮೇಲೆ ಇನ್ನೊಂದು ಸಲ ಬರ್ತೀನಿ. ಆಗ ಅಂತೀಯಾ?”

“ಇಲ್ಲ.”

“ಹಾಗಾದ್ರೆ ನಾನ್ಯಾಕೆ ಬರ್ಬೇಕು?”

“ಊಟಕ್ಕೆ ಬನ್ನಿ.”

ಮೇಡಂ ಅವಳನ್ನು ದಿಟ್ಟಿಸಿ ನೋಡಿ ವ್ಯಾನು ಹತ್ತಿದಳು. ಹತ್ತುವಾಗ ಬಲೆ ಟೋಪಿ ತೆಗೆಯುವುದು ಮರೆತಿತ್ತು. ಅಟಿಂಗಾ ಮಾತ್ರ ಅದನ್ನು ನೋಡಿದ, ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅಬ್ಲಕ್ಕ ಮೊದಲು ಹೇಳಿದ್ದು, “ಪರದೆ ಕಟ್ಟಿ,” ಎಂದು.

“ಪರದೆ ಇಲ್ಲ,” ಎಂದಳು ಅಕ್ಪೆನೆ. ಒಲೆ ಚೆನ್ನಾಗಿ ಉರಿಯುತ್ತಿತ್ತು. ಒಲೆಯ ಬಾಯಲ್ಲಿ ತಾಳೆಗರಿಯ ಹೆಣಿಗೆಯ ಒಂದು ತುಂಡು ಸುರುಟಿಕೊಳ್ಳುತ್ತಿತ್ತು.

ಅಬ್ಲಕ್ಕ ಕೂತಲ್ಲಿಂದ ಎದ್ದು ನಿಂತಳು, ಯಾರೂ ಹಿಡಿಯದೆ. “ನನ್ನ ಪರದೆ ಸುಟ್ಯಾ? ನನ್ನ ಹೋಟೆಲು ಸುಟ್ಯಲ್ಲೇ ನೀನು. ನಿನ್ನೆ ಒಂದು ಕೊಳಗ ಸಾರು ಚರಂಡಿಗೆ ಚೆಲ್ದೆ ನಾನು. ಹೋಗು. ಈಗಲೇ ಹೋಗು ಇಲ್ಲಿಂದ.”

“ಹೋಗ್ತೀನಿ. ಇವತ್ತಿನ ಮುದ್ದೆ ಯಾರು ತಿರುವ್ತಾರೆ?”

“ನಾನೇ ತಿರುವ್ತೀನಿ. ನೀನು ಹುಟ್ಟೋ ಮೊದ್ಲಿಂದ ತಿರುವ್ತಿದೀನಿ.”

ಹೌದು, ತಿರುವುತ್ತಿದ್ದಳು, ಬಹಳ ಹಿಂದೆ. ಅಬ್ಲಕ್ಕ ಒರಳಿನ ಮುಂದೆ ಕುಕ್ಕರಿಸಲು ಹೋದಳು. ಮೊಣಕಾಲು ಒಪ್ಪಲಿಲ್ಲ. ಗೋಡೆ ಹಿಡಿದು ಅರ್ಧಕ್ಕೇ ನಿಂತಳು, ಕೂರಲೂ ಆಗದೆ ಏಳಲೂ ಆಗದೆ. ಅಟಿಂಗಾ ಒನಕೆಗೆ ಗದ್ದ ಆನಿಸಿ ನೋಡುತ್ತಿದ್ದ.

“ದೇವರ್ನ ಕರೀಲೇನಕ್ಕಾ?” ಎಂದ.

ಅಬ್ಲಕ್ಕನಿಗೆ ನಗು ಬಂತು. ಬರಬಾರದು ಎಂದು ಬಾಯಿ ಬಿಗಿದಳು, ಆದರೂ ಬಂತು. ಅಕ್ಪೆನೆ ಹೋಗಿ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಮಣೆಯ ಮೇಲೆ ಕೂರಿಸಿದಳು. ಕೊಟ್ಟದ್ದು ಯಾವ ಕೈ ಎಂದು ಇಬ್ಬರೂ ನೋಡಲಿಲ್ಲ.

“ಒಂದು ಮಾತು ಅಂದಿದ್ರೆ ನಿನ್ನ ಗಂಟು ಏನು ಹೋಗ್ತಿತ್ತೇ,” ಎಂದಳು ಅಬ್ಲಕ್ಕ, ಉಸಿರು ಬಿಡುತ್ತ.

“ಅಂದಿದ್ದೆ ಅಕ್ಕ, ಒಂದು ಸಲ. ಉತ್ತರ ಬರ್ಲಿಲ್ಲ.”

ಅಬ್ಲಕ್ಕನಿಗೆ ಗೊತ್ತಿತ್ತು. ಆ ಸಾವಿನ ಮನೆಗೆ ಅವಳೂ ಹೋಗಿದ್ದಳು. ಕೈ ಹಿಡಿಯುವ ಸಾಲಿನಲ್ಲಿ ಆ ಹಿರಿಯನ ಹಿಂದೆಯೇ ನಿಂತಿದ್ದಳು. ಮತ್ತೆ ಹೋಗು ಎನ್ನಲಿಲ್ಲ.

ಮಳೆಗಾಲವಿಡೀ ಬೆಂಚುಗಳು ಅರ್ಧ ಖಾಲಿ. ರಸ್ತೆಯ ಆಚೆಯ ಹೋಟೆಲಿನವರು ಮುದ್ದೆ ಅರೆಯುವ ಯಂತ್ರ ತಂದಿದ್ದರು. ಇಲ್ಲಿಂದ ಎದ್ದವರು ಅಲ್ಲಿ ಕೂತರು. ಯಂತ್ರದ ಸದ್ದು ಇಲ್ಲಿಗೂ ಕೇಳುತ್ತಿತ್ತು. ಇಲ್ಲಿ ಒರಳು ಬಯಲಿನಲ್ಲಿತ್ತು. ಅಕ್ಪೆನೆ ಎಲ್ಲರ ಕಣ್ಣೆದುರೇ ಎಡಗೈ ಹಾಕಿ ತಿರುವಿದಳು. ಅಬ್ಲಕ್ಕನಿಗೆ ಸುಸ್ತಾದಾಗ ತಾನೇ ಬಡಿಸಿದಳು. ತೆಗೆದುಕೊಳ್ಳದವರ ಬಟ್ಟಲನ್ನು ಅವರ ಪಕ್ಕದವರಿಗೆ ಕೊಟ್ಟಳು. “ಬೇಡ ಅಂದಿಲ್ಲ ನಾನು, ಯೋಚ್ನೆ ಮಾಡ್ತಿದ್ದೆ,” ಎಂದರು ಒಬ್ಬ ಮೇಷ್ಟ್ರು, ತಮ್ಮ ಮಾಂಸದ ತುಂಡು ಪಕ್ಕದವನ ಬಾಯಿಗೆ ಹೋಗುವುದನ್ನು ನೋಡುತ್ತ.

“ಯೋಚ್ನೆ ಮಾಡಿ ಮೇಷ್ಟ್ರೇ. ಸಾರು ಕಾಯಲ್ಲ.”

ಮಾರನೆಯ ದಿನ ಮೇಷ್ಟ್ರು ಯೋಚಿಸಲಿಲ್ಲ.

ಹೀಗೆ ಒಬ್ಬೊಬ್ಬರಾಗಿ ಬಂದರು. ಬಂದವರು ಯಾರೂ ಹೋದದ್ದರ ಮಾತೆತ್ತಲಿಲ್ಲ. ಊರಿಗೆ ಹೋಗಿದ್ದೆ ಎಂದರು, ಹಲ್ಲುನೋವು ಎಂದರು. ದೊಟ್ಸೆ ತಾತ ಎಲ್ಲರಿಗಿಂತ ಕೊನೆಗೆ ಬಂದ. ಒಂದು ಬಿಸಿಲಿನ ಮಧ್ಯಾಹ್ನ ರಸ್ತೆ ದಾಟಿ ಬಂದು ಸೂರಿನ ಕೆಳಗೆ ನಿಂತು, “ಮಳೆ ಬರೋ ಹಾಗಿದೆ. ನಿಲ್ಲೋಣ ಅಂತ ಬಂದೆ,” ಎಂದ.

ಅಬ್ಲಕ್ಕ ಆಕಾಶ ನೋಡಿದಳು. ಒಂದು ಮೋಡ ಇರಲಿಲ್ಲ. “ಹೌದು, ಜೋರಾಗೇ ಬರತ್ತೆ. ಕೂತ್ಕೊಳ್ಳಿ.”

ತಾತ ಒರಳಿಗೆ ಬೆನ್ನು ಹಾಕಿ ಕೂತ. “ಎದರಗಡಿಯವರದು ಹೆಂಗೈತಿ?” ಎಂದು ಕೇಳಿದ ಅಟಿಂಗಾ, ಕೇಳಬಾರದಿತ್ತು.

“ಅದಕ್ಕೆ ಎಡಗೈಯೂ ಇಲ್ಲ ಬಲಗೈಯೂ ಇಲ್ಲ,” ಎಂದ ತಾತ. “ಅದೇ ತೊಂದ್ರೆ.”

ಆ ದಿನ ಅವನಿಗೆ ಬಡಿಸಿದ್ದು ಅಬ್ಲಕ್ಕ. ಮುಂದೆ ಕೂಡ ಅವನ ಬಟ್ಟಲನ್ನು ಅಬ್ಲಕ್ಕನೇ ಕೊಡುತ್ತಿದ್ದಳು. ತಿರುವಿದ್ದು ಎಡಗೈ ಆದರೂ ಸರಿ, ಕೊಡುವುದು ಬಲಗೈ ಆಗಬೇಕು ಎಂಬಲ್ಲಿಗೆ ಅವನು ಬಂದು ನಿಂತಿದ್ದ. ಅಲ್ಲಿಂದ ಮುಂದೆ ಬರಲಿಲ್ಲ. ಅಕ್ಪೆನೆಯೂ ಅವನನ್ನು ಕರೆಯಲಿಲ್ಲ.

ಮಳೆ ನಿಂತಿತು. ಕ್ಲುಟ್ಸೆ ಮೇಡಂ ಬಂದು ಅದೇ ಕಂಬದ ಪಕ್ಕ ನಿಂತಳು. ಮುದ್ದೆಗಳು ತಯಾರಾಗಿ ಒದ್ದೆ ಬಟ್ಟೆಯ ಕೆಳಗಿದ್ದವು. ಅಕ್ಪೆನೆ ಮಣೆಯ ಮೇಲೆ ಕೂತಳು. ಅಬ್ಲಕ್ಕ ಹಿಂದೆ ಸ್ಟೂಲಿನ ಮೇಲೆ ಕೂತು ಸೆರಗಿನಂತೆ ಹೊದ್ದ ಬಟ್ಟೆಯ ಅಂಚನ್ನು ಹಿಂಡುತ್ತಿದ್ದಳು.

ಮೊದಲ ಬಟ್ಟಲನ್ನು ಮೇಷ್ಟ್ರು ತೆಗೆದುಕೊಂಡರು. ಎರಡನೆಯದನ್ನು ಒಬ್ಬ ಡ್ರೈವರು. ಮೂರನೆಯದನ್ನು ಹಿಡಿದು ಅಕ್ಪೆನೆ ದೊಟ್ಸೆ ತಾತನ ಮುಂದೆ ನಿಂತಳು. ಈ ದಿನ ಅಬ್ಲಕ್ಕ ಬಡಿಸುವ ಹಾಗಿರಲಿಲ್ಲ, ಅದು ತಾತನಿಗೂ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದ. ಅವನು ಅವಳ ಮುಖ ನೋಡಲಿಲ್ಲ. ಬಟ್ಟಲನ್ನೂ ಮುಟ್ಟಲಿಲ್ಲ. ಬೆಂಚಿನ ಮೇಲೆ ತನ್ನ ಪಕ್ಕದ ಜಾಗವನ್ನು ಬೆರಳಿಂದ ತೋರಿಸಿದ.

ಇಡು ಎಂದು. ಕೈಯಿಂದ ಕೈಗೆ ಬೇಡ.

ಅಕ್ಪೆನೆ ಇಡಲಿಲ್ಲ. ಹಿಡಿದೇ ನಿಂತಳು. ಸಾರಿನ ಬಿಸಿ ಮಣ್ಣಿನ ಬಟ್ಟಲಿನಿಂದ ಬೆರಳಿಗೆ ಇಳಿಯಿತು. ಮೆಣಸಿನ ಉರಿ ಕಂಡಿದ್ದ ಕೈ ಅದು. ನಿಂತಳು. ಮೇಡಂ ಏನನ್ನೂ ಬರೆಯಲಿಲ್ಲ. ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿದರು.

“ಕೈ ಸುಡಲ್ವೇನಮ್ಮ?” ಎಂದ ತಾತ ಕೊನೆಗೆ.

“ಸುಡತ್ತೆ.”

“ಮತ್ತೆ?”

“ನೀವು ತಗೊಂಡ್ರೆ ಸುಡಲ್ಲ.”

ತಾತ ಗೊಣಗಿದ. ಬಲಗೈ ಚಾಚಿ ಬಟ್ಟಲು ತೆಗೆದುಕೊಂಡ, ಅವಳ ಬೆರಳು ತಾಗದಂತೆ ಜಾಗ್ರತೆಯಾಗಿ. ತಾಗಿತು.

ಉಂಡ. ಮುದ್ದೆಯ ತುಂಡನ್ನು ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ. ಮಣಿಕಟ್ಟಿನವರೆಗೆ ಸಾರಾಯಿತು. ಅರ್ಧ ಆಗುವ ಹೊತ್ತಿಗೆ ಅಭ್ಯಾಸದಂತೆ, “ಇನ್ನೊಂದು ತುಂಡು ಹಾಕಮ್ಮ, ಮೂಳೆ ಇರೋದು,” ಎಂದ. ಅಕ್ಪೆನೆ ಚಿಕ್ಕ ತಟ್ಟೆಯಲ್ಲಿ ತುಂಡು ಇಟ್ಟು ನೀಡಿದಳು. ತಾತನ ಬಲಗೈ ಸಾರಿನಲ್ಲಿ ಮುಳುಗಿತ್ತು. ಉಣ್ಣುವವರೆಲ್ಲ ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಅವನೂ ಮಾಡಿದ. ಎಡಗೈ ಚಾಚಿದ. ಚಾಚಿ, ಹುಟ್ಟಿದಾಗಿನಿಂದ ಕಲಿತ ಬಾಯಿ ತಾನಾಗೇ ಅಂದಿತು:

“ಎಡಗೈ.”

ಅಂದ ಮೇಲೆ ಅವನಿಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಅವನ ಕೈ ತಟ್ಟೆಗೂ ಅವನಿಗೂ ನಡುವೆ ನಿಂತುಹೋಯಿತು.

ಅಕ್ಪೆನೆ ಆ ಕೈ ನೋಡಿದಳು. ಕಾಯುವ ಕೈ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಉತ್ತರ ಬರದಿದ್ದರೆ ಅದು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಅಲ್ಲೇ ಇರುತ್ತದೆ ಎಂಬುದೂ ಗೊತ್ತಿತ್ತು. ಆ ಸೀಮೆಯ ಲಾರಿಗಳ ಗೇರು ಬಲಗೈಗೆ ಸಿಗುವುದರಿಂದ ಮುದುಕನ ಎಡಗೈಯಲ್ಲಿ ಅದನ್ನು ಹಿಡಿದ ಜಡ್ಡು ಇರಲಿಲ್ಲ. ಅದು ಬಲಗೈಗಿಂತ ಮೆತ್ತಗಿತ್ತು.

“ಕೈಯೇ ತಾನೆ ತಾತ,” ಎಂದಳು.

ತನ್ನ ಎಡಗೈಯಿಂದ ಅವನ ಎಡಗೈಗೆ ತಟ್ಟೆ ಕೊಟ್ಟಳು.

ಒನಕೆಗೆ ಒರಗಿ ನಿಂತಿದ್ದ ಅಟಿಂಗಾ ಬೋಳು ತಲೆಯಿಂದ ಟೋಪಿ ತೆಗೆದು ಮುಖ ಒರೆಸಿಕೊಂಡು ಮತ್ತೆ ಹಾಕಿಕೊಂಡ. ತಾತ ಮೂಳೆ ಚೀಪತೊಡಗಿದ, ಬಹಳ ಸದ್ದು ಮಾಡಿ.

ಕ್ಲುಟ್ಸೆ ಮೇಡಂ ಬೆಂಚುಗಳ ನಡುವೆ ಒಂದು ಸುತ್ತು ಬಂದಳು. “ಇವತ್ತು ಬಟ್ಟಲು ಯಾವ್ದೂ ವಾಪಸ್ ಬರ್ಲಿಲ್ಲ,” ಎಂದಳು.

“ವಾಪಸ್ ಬರೋಕೆ ಏನುಳಿದಿದೆ ಮೇಡಂ, ನೆಕ್ಕಿಟ್ಟಿದಾರೆ,” ಎಂದಳು ಅಬ್ಲಕ್ಕ.

“ಆಯಿತು,” ಎಂದು ಮೇಡಂ ಬರೆದಳು. ಪೆನ್ನು ಮುಚ್ಚಿ, “ಆದ್ರೆ ಗಿರಾಕಿಯನ್ನ ಅಷ್ಟು ಹೊತ್ತು ಕಾಯಿಸ್ಬಾರದು,” ಎಂದಳು.

“ನಾನೂ ಕಾದೆ ಮೇಡಂ.”

ಮೇಡಂ ಬೆಂಚಿನ ತುದಿಯಲ್ಲಿ ಜಾಗ ನೋಡಿ ಕೂತಳು. ಸರ್ಟಿಫಿಕೇಟ್ ಬರಲು ಇನ್ನೂ ದಿನ ಬೇಕು, ಅದು ಅಕ್ರಾದಿಂದ ಬರಬೇಕು. ಅಬ್ಲಕ್ಕ ಅಭ್ಯಾಸಬಲದಿಂದ ಮಣೆಯ ಕಡೆಗೆ ಎರಡು ಹೆಜ್ಜೆ ಇಟ್ಟು, ನಿಂತು, ಮತ್ತೆ ಸ್ಟೂಲಿಗೇ ಹೋದಳು.

ಅಕ್ಪೆನೆ ಮಣೆಯ ಮೇಲೆ ಕೂತು ಕೊಳಗಕ್ಕೆ ಸೌಟು ಹಾಕಿದಳು.

“ಮುಂದೆ ಯಾರು?” ಎಂದಳು.